ಗುಡೇಮಾರನಹಳ್ಳಿಯ ಬಿತ್ತನೆ ಗೂಡು

"ಒಳಗೆ ಬರ್ಬ್ಯಾಡಿ... ಅಲ್ಲೇ ನಿಂತ್ಕಳಿ!"

ಹೊಸ್ತಿಲ ಮೇಲಿಟ್ಟ ಕಾಲನ್ನು ನಯನ ಹಿಂದಕ್ಕೆ ತೆಗೆದಳು. ಎದುರಿಗೆ ಬಿಳಿ ಕೋಟಿನ ಹುಡುಗ.

"ಬ್ಲೀಚಿಂಗ್ ಪುಡಿ ನೀರಲ್ಲಿ ಕಾಲು ತೊಳ್ಕಂಡು ಬನ್ನಿ. ಹುಳಕ್ಕೆ ಕಾಯಿಲೆ ಅಂಟ್ಸಿಬುಟ್ಟೀರಿ."

ನಾನೇನು ಕಾಯಿಲೆ ಹೊತ್ತು ತಿರುಗುವವಳೇ? ಎಂಥ ಸೊಕ್ಕು ಇವನಿಗೆ!

ಏಳು ವರ್ಷದ ಹಿಂದಿನ ಆ ಬೆಳಗನ್ನು ನೆನೆದರೆ ನಯನಳಿಗೆ ಈಗಲೂ ನಗು ಬರುತ್ತದೆ, ಹಿಂದೆಯೇ ಕಣ್ಣೂ ತುಂಬುತ್ತದೆ. ಕಂಪ್ಯೂಟರ್ ಸೀಟು ಸಿಗದೆ, ಗೋಳಾಡಿಕೊಂಡೇ ರೇಷ್ಮೆ ವಿಷಯದ ಬಿ.ಎಸ್ಸಿ.ಗೆ ಸೇರಿದ್ದವಳು ಅವಳು. ಕೊನೆಯ ವರ್ಷದ ತರಬೇತಿಗೆಂದು ರಾಮನಗರದ ರೇಷ್ಮೆಹುಳುವಿನ ಮೊಟ್ಟೆ ತಯಾರಿಕೆ ಕೇಂದ್ರಕ್ಕೆ ಬಂದಿದ್ದಳು. ಈ ಒಂದು ತಿಂಗಳು ಮುಗಿದರೆ ಆ ಓದಿಗೇ ದೊಡ್ಡ ನಮಸ್ಕಾರ ಹೊಡೆಯುವುದೆಂದು ತೀರ್ಮಾನಿಸಿದ್ದಳು.

ಆ ಹುಡುಗ ಮುತ್ತುರಾಜು. ಓದು ಕನಕಪುರದಲ್ಲಿ, ಊರು ಮಾಗಡಿ ಕಡೆಯ ಗುಡೇಮಾರನಹಳ್ಳಿ. ಅವನೂ ತರಬೇತಿಗೆ ಬಂದವನೇ. ಅವಳಿಗೆ ಮೈಕ್ರೋಸ್ಕೋಪು ನೋಡಲು ಕಲಿಸಿದ್ದು ಅವನೇ. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ನೋಡಬೇಕು. ತಾಯಿಯಿಂದ ಮೊಟ್ಟೆಗೆ ದಾಟುವ ಗಂಟುರೋಗದ ಕಣ ಕಂಡರೆ ಆ ಮೊಟ್ಟೆಗಳನ್ನೆಲ್ಲ ಸುಡಬೇಕು. ರೈತರ ಮನೆಗೆ ಹೋಗುವ ರೋಗವನ್ನು ತಡೆಯುವ ಕಣ್ಣು ತನ್ನದು ಎಂದು ತಿಳಿದ ದಿನದಿಂದ ನಯನಳಿಗೆ ಊಟದ ಹೊತ್ತೂ ಮರೆತುಹೋಗತೊಡಗಿತು. ಪಕ್ಕದಲ್ಲಿ ಅವನಿದ್ದದ್ದೂ ಒಂದು ಕಾರಣ, ಸುಳ್ಳೇಕೆ!

ಹದಿನೆಂಟನೆಯ ದಿನ ಕಣ ಕಂಡಿತು. ಚಿಟ್ಟೆಯ ಜೊತೆಗಿದ್ದ ಚೀಟಿ ನೋಡಿದಳು... ಮೊಟ್ಟೆಗೆಂದೇ ಮುತ್ತುರಾಜುವಿನ ಮನೆಯಲ್ಲಿ ಬೆಳೆದ ಬಿತ್ತನೆ ಗೂಡಿನಿಂದ ಬಂದ ಚಿಟ್ಟೆ!

ಹೇಳಿದರೆ ಇವನನ್ನು ಕಳೆದುಕೊಳ್ಳುತ್ತೇನೆ. ಹೇಳದಿದ್ದರೆ?

ಚೀಟಿ ಹಿಡಿದುಕೊಂಡೇ ಹೋಗಿ ಕೇಂದ್ರದ ಅಧಿಕಾರಿಗೆ ಹೇಳಿದಳು. ಮೊಟ್ಟೆ ಸುಟ್ಟರು. ಮುತ್ತುರಾಜು ಅವತ್ತೇ ಊರಿಗೆ ಹೊರಟುಹೋದ. ಒಂಬತ್ತು ದಿನ ಫೋನೂ ಇಲ್ಲ. ನಯನ ಅತ್ತು ಅತ್ತು ಸೋತಳು, ಆದರೆ ಕೆಲಸ ಒಂದು ದಿನವೂ ತಪ್ಪಿಸಲಿಲ್ಲ.

ಹತ್ತನೆಯ ದಿನ ಬಂದು ನಿಂತ. ಸುಣ್ಣ ಹತ್ತಿ ಅಂಗೈಯೆಲ್ಲ ಬಿರಿದಿತ್ತು.

"ನನ್ ಮೇಲೆ ಕೋಪಾನಾ?"

"ನಿಮ್ ಮ್ಯಾಲಾ? ಹುಳದ ಮನೆಗೆಲ್ಲ ಸುಣ್ಣ ಬಳೀತಿದ್ದೆ ಕಣ್ರೀ, ಅವ್ವನ ಜೊತೆ. ಗೂಡು ತಂದಾಗ್ಲೇ ನಂಗೆ ಒಸಿ ಅನುಮಾನ ಇತ್ತು. ನಮ್ಮನೇದು ಅಂತ ಬಾಯಿ ಮುಚ್ಕಂಡೆ. ನಿಮ್ಗೆ ಮಕ ತೋರ್ಸಾಕೆ ನಾಚ್ಕೆ ಆಯ್ತು..."

ಇಷ್ಟು ದಿನ ಅತ್ತದ್ದು ಇದಕ್ಕಾ?

"ಅವ್ವ ನಿಮ್ಮನ್ನ ನೋಡ್ಬೇಕಂತೆ."

"ಬೈಯೋಕಾ?"

"ನಮ್ಮನೇದು ಅಂತ ಗೊತ್ತಿದ್ರೂ ನಿಜ ಹೇಳಿದ ಹುಡ್ಗಿ, ಸೊಸೆ ಆಯ್ತಾಳಾ ಕೇಳು ಅಂದವ್ಳೆ. ನಾನೂ ಅದ್ನೇ ಕೇಳಾಕೆ ಬಂದಿವ್ನಿ. ಓದು ಬುಟ್ಬುಡ್ತೀನಿ ಅಂತಿದ್ರಲ್ಲ, ಈಗ?"

"ಓದು ಬುಡಾಕಿಲ್ಲ," ಅಂದಳು ನಯನ, ಅವನದೇ ಧಾಟಿಯಲ್ಲಿ.

"ನನ್ನ?"

ನಯನ ಬಿಳಿ ಕೋಟು ಬಿಚ್ಚಿ ಮೊಳೆಗೆ ಸಿಕ್ಕಿಸಿದಳು.

"ನಿಮ್ಮೂರಿಗೆ ಬಸ್ಸು ಎಷ್ಟೊತ್ತಿಗೈತೆ?"