ನೆಲ ಒಣಗುವವರೆಗೆ

"ಅಯ್ಯಯ್ಯೋ, ಚಿರತೆ ಮರಿ ಕಣ್ರಪ್ಪೋ!"

ಅರಸೀಕೆರೆಯಿಂದ ಬೇಲೂರಿಗೆ ಹೊರಟ ಬಸ್ಸು ಜಾವಗಲ್ ದಾಟಿತ್ತಷ್ಟೆ. ನನ್ನ ತೊಡೆಯ ಮೇಲಿದ್ದ ಬುಟ್ಟಿಯ ಸಂದಿಯಿಂದ ಚುಕ್ಕೆ ಚುಕ್ಕೆಯ ಒಂದು ಪಾದ ಹೊರಗೆ ಬಂದದ್ದೇ ತಡ, ಪಕ್ಕದ ಅಜ್ಜಿ ಎದ್ದು ಡ್ರೈವರ್ ಹತ್ತಿರ ಓಡಿದರು.

ಕಂಡಕ್ಟರ್ ಚಿಕ್ಕಣ್ಣ ಸೀಟಿ ಊದಿ ಬಸ್ ನಿಲ್ಲಿಸಿದ. "ಏನಮ್ಮ ಇದು? ಕಾಡುಪ್ರಾಣಿಗೆಲ್ಲ ಟಿಕೆಟ್ ಕೊಡಕ್ಕಾಗಲ್ಲ. ಇಳೀರಿ ಕೆಳಕ್ಕೆ."

"ಬೆಕ್ಕು ಸಾರ್! ಬೆಂಗಾಲ್ ಕ್ಯಾಟ್ ಅಂತ!"

"ಬಂಗಾಳದ್ದೋ ಬಳ್ಳಾರಿದೋ, ಹಲ್ಲು ಐತಲ್ಲ!"

ನನಗೆ ಅಳು ಬರುವುದರಲ್ಲಿತ್ತು. ಆಗ ಹಿಂದಿನ ಸೀಟಿನಿಂದ ಒಬ್ಬ ಎದ್ದು ಬಂದ. ನೀಲಿ ಚೌಕಳಿ ಶರ್ಟು, ಮೊಣಕೈವರೆಗೆ ಮಡಚಿದ ತೋಳು. ಯಾರನ್ನೂ ಕೇಳದೆ ಬುಟ್ಟಿಯೊಳಗೆ ಬೆರಳು ಹಾಕಿದ. ಬಸ್ಸಿನವರೆಲ್ಲ ಉಸಿರು ಹಿಡಿದರು. ನಮ್ಮ ಮರಿ ಬೆರಳನ್ನು ಮೂಸಿ ನೋಡಿ, ಆರಾಮಾಗಿ ನೆಕ್ಕತೊಡಗಿತು.

"ಚಿಕ್ಕಣ್ಣ, ಇದು ಬೆಕ್ಕೇ. ಚಿರತೆ ಆಗಿದ್ರೆ ನನ್ ಬೆರಳು ಈಗ ನಿಮ್ ಟಿಕೆಟ್ ಬ್ಯಾಗಲ್ಲಿ ಇರೋದು."

ಬಸ್ಸು ನಕ್ಕಿತು, ಹೊರಟಿತು. ಅವನು ಮಾತ್ರ ಹಿಂದಿನ ಸೀಟಿಗೆ ಹೋಗಲಿಲ್ಲ. ಅಲ್ಲೇ ಕಂಬಿ ಹಿಡಿದು ನಿಂತ.

"ನೀವು ಸಂಪತ್ಕುಮಾರ್ ಮೇಷ್ಟ್ರ ಮಗಳಲ್ವಾ?"

"ನಿಮಗೆ ಹೇಗೆ ಗೊತ್ತು?"

"ನಾನು ಮೇಷ್ಟ್ರ ಸ್ಟೂಡೆಂಟು. ರಾಹುಲ್. ನೀವು ಆಗ ಎರಡು ಜಡೆ ಹಾಕ್ಕೊಂಡು ಅವರ ಊಟದ ಡಬ್ಬಿ ತರ್ತಿದ್ರಿ. ಯಾವಾಗ್ಲೂ ಲೇಟು."

ಹಳೇಬೀಡಿನಿಂದ ಬೇಲೂರಿನವರೆಗೆ ನಾನು ಅವನನ್ನು ಹನ್ನೊಂದು ಸಲ ನೋಡಿದೆ. ಅವನು ಬೆಕ್ಕನ್ನು ನೋಡುತ್ತಿರುವ ಮುಖ ಮಾಡಿಕೊಂಡು ನನ್ನನ್ನು ನೋಡುತ್ತಿದ್ದ. ಎಷ್ಟು ಸಲ ಅಂತ ಲೆಕ್ಕ ತಪ್ಪಿತು.

ಅದು ಎರಡು ಸಾವಿರದ ಎಂಟರ ಜನವರಿ. ಪುಣೆಯಲ್ಲಿರುವ ನಮ್ಮ ಸೋದರಮಾವ ರೈಲಿನಲ್ಲಿ ಬೆಂಗಳೂರಿಗೆ ಹೋಗುವ ದಾರಿಯಲ್ಲಿ, ಅರಸೀಕೆರೆಯ ಪ್ಲಾಟ್‌ಫಾರ್ಮಿನಲ್ಲಿ, ಕಿಟಕಿಯ ಹತ್ತಿರ ಕರೆದು ಆ ಬುಟ್ಟಿ ಕೊಟ್ಟಿದ್ದರು. "ಫಾರಿನ್ ತಳಿ ಕಣೇ ಸ್ಪಂದನಾ, ಹುಷಾರು" ಅಂದರು. ಏನು ತಿನ್ನುತ್ತೆ ಅಂತ ಕೇಳುವಷ್ಟರಲ್ಲಿ ರೈಲು ಹೊರಟಿತ್ತು.

ಮನೆಯಲ್ಲಿ ಅದಕ್ಕೆ ರಾಜೋಪಚಾರ. ಕಂದು ಮೈಯ ಮೇಲೆ ಕಡಲೆಬೀಜ ಚೆಲ್ಲಿದ ಹಾಗೆ ಚುಕ್ಕೆಗಳಿದ್ದವು ಅಂತ ಅಮ್ಮ ಪುಳಿಯೋಗರೆ ಎಂದು ಹೆಸರಿಟ್ಟರು. ಕರೆಯುವುದಕ್ಕೆ ಪುಳಿ. ಅಮ್ಮ ಮಡಿಯಲ್ಲಿ ಅಡುಗೆ ಮಾಡುವಾಗ ನಾನೇ ಒಳಗೆ ಹೋಗುವ ಹಾಗಿಲ್ಲ. ಪುಳಿ ಹೋಗಿ ಒಲೆಯ ಕಟ್ಟೆಯ ಮೇಲೆ ಕೂರುತ್ತಿತ್ತು.

"ಅದು ಹೋಗ್ಬೋದು, ನಾನು ಹೋಗ್ಬಾರ್ದಾ?"

"ಬೆಕ್ಕಿಗೆ ಎಂಥ ಮೈಲಿಗೆಯೇ? ಸುಮ್ನೆ ಆಚೆ ಕೂತ್ಕೋ" ಎನ್ನುತ್ತಿದ್ದರು ಅಮ್ಮ, ಕೋಮಲವಲ್ಲಿ, ನಗುತ್ತಾ.

ಮೊಸರನ್ನವನ್ನೇ ಹಾಕಿದೆವು. ಮೂರು ಹೊತ್ತೂ ಮೊಸರನ್ನ. ಅಪ್ಪ ಬೀದಿಯಲ್ಲಿ ಸಿಕ್ಕವರಿಗೆಲ್ಲ, "ನಮ್ಮನೆ ಬೆಕ್ಕು ಶುದ್ಧ ಸಾತ್ವಿಕ" ಎಂದು ಹೇಳಿಕೊಂಡು ಓಡಾಡಿದರು. ಒಂದು ತಿಂಗಳಲ್ಲಿ ಪುಳಿಯ ರೋಮ ಉದುರಿತು. ಮಂಚ ಹತ್ತಲು ಹೋಗಿ ಬೀಳತೊಡಗಿತು.

ಬುಟ್ಟಿ ಹಿಡಿದುಕೊಂಡು ಪಶು ಆಸ್ಪತ್ರೆಗೆ ಓಡಿದೆ. ಅಲ್ಲಿನ ಜವರಪ್ಪನವರು, ಊರವರ ಬಾಯಲ್ಲಿ ದನದ ಡಾಕ್ಟ್ರು, ಪುಳಿಯ ಕಣ್ಣು ರೆಪ್ಪೆ ಎಲ್ಲ ಬಿಡಿಸಿ ನೋಡಿದರು.

"ಏನ್ ಹಾಕ್ತಿದ್ದೀರಮ್ಮ?"

"ಮೊಸರನ್ನ."

"ಮಾಂಸ ತಿನ್ನೋ ಪ್ರಾಣಿಗೆ ಮೊಸರನ್ನ ಹಾಕಿ ಹಾಕಿ ಕಣ್ಣೇ ಕಳೀತೀರಲ್ಲ! ಕೋಳಿ, ಮೀನು ಬೇಕು ಇದಕ್ಕೆ. ಇಲ್ದಿದ್ರೆ ಉಳಿಯಲ್ಲ."

ನಾನು ಅಲ್ಲೇ ಅತ್ತೆ. ನಮ್ಮ ಮನೆಯಲ್ಲಿ ಮೀನು! ಆಗ ಒಳಗಿನ ಬಾಗಿಲಿನಿಂದ, "ಅಪ್ಪ, ನಮ್ಮನೇಲಿ ಹಾಕಿದ್ರಾಯ್ತಲ್ಲ" ಎಂಬ ದನಿ ಬಂತು. ನೀಲಿ ಚೌಕಳಿ ಶರ್ಟು. ದನದ ಡಾಕ್ಟ್ರ ಮಗ ಅವನೇ.

ಅವತ್ತಿನಿಂದ ಕಾಲೇಜು ಮುಗಿದ ಮೇಲೆ ದಿನಾ ನಾಲ್ಕೂವರೆಗೆ ಅವರ ಕ್ವಾರ್ಟರ್ಸ್. ಮನೆಯಲ್ಲಿ ಕೇಳಿದರೆ "ಪುಳಿಗೆ ಔಷಧಿ ಹಾಕಿಸ್ಬೇಕು" ಎನ್ನುತ್ತಿದ್ದೆ. ಸುಳ್ಳಲ್ಲ, ಮೀನೇ ಅದರ ಔಷಧಿ.

ಬುದ್ಧನ ಫೋಟೋ ಇದ್ದ ಹಜಾರದಲ್ಲಿ ಅವನ ಅಮ್ಮ ಮುತ್ತಮ್ಮ ಪುಳಿಗೆ ಮುಳ್ಳು ಬಿಡಿಸಿ ಕೊಡುತ್ತಿದ್ದರು. ಮೊದಲ ವಾರ ನನಗೆ ಏನನ್ನೂ ಕೊಡಲಿಲ್ಲ.

"ಕಾಫಿ ಇಲ್ವಾ ಅಮ್ಮ?" ನಾನೇ ಕೇಳಿದೆ.

ಅವರು ಗಾಬರಿಯಾದರು. "ನೀವು ಕುಡಿಯಲ್ಲ ಅಂತ ಕೇಳ್ಲಿಲ್ಲ ಕಣವ್ವ. ಹಾಲು ಐತೆ, ಈಗ ಮಾಡ್ತೀನಿ ಇರು."

ಎರಡು ಲೋಟ ಕುಡಿದೆ. ರಾಹುಲ್ ಬಾಗಿಲಿಗೆ ಒರಗಿ ನೋಡುತ್ತಿದ್ದ. ಅವನ ಕಣ್ಣಿನಲ್ಲಿ ಏನೋ ಒಂದು ಮಿನುಗಿ, ನನ್ನ ಲೋಟದಲ್ಲಿ ಬಿದ್ದ ಹಾಗಾಯಿತು.

"ಎರಡನೇದು ಬೆಕ್ಕಿಗಾ?" ಎಂದ.

"ನಿನಗೇನು? ನಿನ್ನ ಪಾಲು ಕುಡಿದ್ನಾ?"

"ಓ, ನಿನ್ನ ಅಂತೆ! ನಿನ್ನೆವರೆಗೂ ನೀವು ಆಗಿದ್ದೆ."

ಆಮೇಲೆ ಮಿಸ್ಡ್ ಕಾಲ್ ಶುರುವಾಯಿತು. ಒಂದು ರಿಂಗ್ ಅಂದರೆ ಪುಳಿ ಹೇಗಿದೆ. ಎರಡು ರಿಂಗ್ ಅಂದರೆ ನೀನು ಹೇಗಿದ್ದೀಯ. ಮೂರು ರಿಂಗ್ ಅಂದರೆ ಏನು ಅಂತ ನಾವಿಬ್ಬರೂ ಮಾತಾಡಿಕೊಂಡಿರಲಿಲ್ಲ. ಮೂರೇ ಜಾಸ್ತಿ ಬರುತ್ತಿದ್ದವು.

ಮಾರ್ಚಿನಲ್ಲಿ ಪುಳಿ ಮಿರಮಿರ ಮಿಂಚುತ್ತಿತ್ತು. ಅಪ್ಪ ಖುಷಿಯಾಗಿ ಜವರಪ್ಪನವರನ್ನೂ ರಾಹುಲನನ್ನೂ ಮನೆಗೆ ಕರೆದರು.

"ಈ ಹುಡುಗ ಸಂಸ್ಕೃತದಲ್ಲಿ ನೂರಿಪ್ಪತ್ತೈದಕ್ಕೆ ನೂರಿಪ್ಪತ್ತೊಂದು ತಗೊಂಡಿದ್ದ ಕಣಮ್ಮ. ಈ ಬೀದಿ ಹುಡುಗ್ರು ಒಬ್ರೂ ಅಷ್ಟು ತಗೊಂಡಿಲ್ಲ." ಅಪ್ಪನ ದನಿಯಲ್ಲಿ ನಿಜವಾದ ಹೆಮ್ಮೆ ಇತ್ತು. ರಾಹುಲ್ ತಲೆ ತಗ್ಗಿಸಿ ನಕ್ಕ.

ಕೂತದ್ದು ಜಗಲಿಯ ಮೇಲೆ. ಅಮ್ಮ ಕಾಫಿ ಕಳಿಸಿದ್ದು ಮದುವೆಮನೆಯಲ್ಲಿ ಕೊಡುವಂಥ ಪ್ಲಾಸ್ಟಿಕ್ ಲೋಟದಲ್ಲಿ. ಅಪ್ಪನಿಗೆ ಬೆಳ್ಳಿ ಲೋಟ. ಜವರಪ್ಪನವರು ಏನೂ ಕಾಣದವರಂತೆ ಕುಡಿದು, ಲೋಟವನ್ನು ತಾವೇ ಮುದುರಿ ಜೇಬಿಗೆ ಹಾಕಿಕೊಂಡರು. ಆಗ ಪುಳಿ ರಾಹುಲನ ತೊಡೆಯಿಂದ ಇಳಿದು, ಬಾಲ ಎತ್ತಿ, ಹೊಸಿಲು ದಾಟಿ, ಹಜಾರ ದಾಟಿ, ನೆಟ್ಟಗೆ ಅಡುಗೆಮನೆಗೆ ಹೋಯಿತು. ಅದು ಹೋದ ದಾರಿಯನ್ನು ರಾಹುಲ್ ಕೊನೆಯವರೆಗೂ ನೋಡಿದ.

ಮರುದಿನ ಕ್ವಾರ್ಟರ್ಸಿನ ಹಿಂದೆ, ಹೊಂಗೆಮರದ ಕೆಳಗೆ, ನಾನೇ ಹೇಳಿಬಿಟ್ಟೆ. "ಮೂರು ರಿಂಗ್ ಅಂದ್ರೆ ಏನು ಅಂತ ನಂಗೊತ್ತು. ನನ್ನ ಕಡೆಯಿಂದಾನೂ ಅದೇ."

ಅವನು ನನ್ನ ಜಡೆಯಲ್ಲಿ ಸಿಕ್ಕಿಕೊಂಡಿದ್ದ ಹೊಂಗೆಹೂವನ್ನು ಒಂದೊಂದಾಗಿ ತೆಗೆದ. ಎಷ್ಟು ನಿಧಾನ ಅಂದರೆ, ಇನ್ನೂ ನಾಲ್ಕು ಹೂ ಬೀಳಬಾರದಾ ಅನ್ನಿಸಿತು.

"ಮದುವೆ ಗಿದುವೆ ಈಗ್ಲೇ ಕೇಳಲ್ಲ ಕಣೇ" ಎಂದ. "ಒಂದೇ ಒಂದು ಕೇಳ್ತೀನಿ. ನಿಮ್ಮಪ್ಪನ ಎದುರಿಗೆ ನನ್ನ ಒಳಗೆ ಬಾ ಅಂತ ಒಂದ್ಸಲ ಕರಿ. ಅಷ್ಟು ಮಾಡಿದ್ರೆ ಮಿಕ್ಕಿದ್ದೆಲ್ಲ ನಾನು ನೋಡ್ಕೋತೀನಿ."

"ಅಷ್ಟೇನಾ?"

"ಅಷ್ಟೇ."

"ಕರೀತೀನಿ. ಪುಳಿ ಮೇಲಾಣೆ."

"ಬೆಕ್ಕಿನ ಮೇಲೆ ಯಾಕೆ ಆಣೆ ಹಾಕ್ತೀಯ, ಪಾಪ. ನಿನ್ನ ಮೇಲೆ ಹಾಕು."

ನಕ್ಕು, ನನ್ನ ಮೇಲೇ ಹಾಕಿದೆ.

ಏಪ್ರಿಲ್ ಎರಡನೇ ವಾರ ಅಮ್ಮ ಪುಳಿಯನ್ನು ಎತ್ತಿ ಮುದ್ದಾಡಲು ಹೋಗಿ ಮುಖ ಕಿವುಚಿದರು. ಮೀಸೆಯಲ್ಲಿ ಮೀನಿನ ವಾಸನೆ. ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. ಎಲ್ಲ ಹೇಳಿದೆ. ನಾನು ಕುಡಿದ ಕಾಫಿಯನ್ನೂ, ರಾಹುಲನನ್ನೂ ಬಿಟ್ಟು ಎಲ್ಲ.

ಅಪ್ಪ ಕೂಗಾಡಲಿಲ್ಲ. ಅವರು ಯಾವತ್ತೂ ಕೂಗಾಡುವವರಲ್ಲ. "ನಾಳೆ ಜವರಪ್ಪನವರಿಗೆ ಬೆಕ್ಕು ಕೊಟ್ಬಿಡೋಣ. ಅವರ ಮನೇಲೇ ಚೆನ್ನಾಗಿರುತ್ತೆ" ಎಂದರು.

"ಮೀನು ತಿಂತು ಅಂತಾನಾ ಅಪ್ಪ? ಹುಷಾರಾದ ಮೇಲೆ ದಿನಾ ಇಲಿ ತಿಂದು ಬಂದು ಒಲೆ ಹತ್ರ ಕೂರುತ್ತಲ್ಲ, ಅದು ಪರವಾಗಿಲ್ವಾ?"

ಅಪ್ಪ ನನ್ನ ಮುಖ ನೋಡಲಿಲ್ಲ. "ಇಲಿ ಬೇರೆ" ಎಂದರು.

ಅಷ್ಟೇ. ಆ ಎರಡು ಪದ ಅರ್ಥ ಮಾಡಿಕೊಳ್ಳಲು ನನಗೆ ಯಾವ ಸಂಸ್ಕೃತವೂ ಬೇಕಾಗಲಿಲ್ಲ.

ಮರುದಿನ ಭಾನುವಾರ. ಅಮ್ಮ ಬೆಳಿಗ್ಗೆಯೇ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿ, ಅಡುಗೆಮನೆಯನ್ನು ಅರಿಸಿನದ ನೀರಿನಲ್ಲಿ ತೊಳೆದರು. ಹಜಾರ ನನ್ನ ಪಾಲಿಗೆ ಬಂತು. ಮೊಣಕಾಲೂರಿ ಕೆಂಪು ನೆಲ ಒರೆಸುತ್ತಿದ್ದಾಗ ಬಾಗಿಲ ಬೆಳಕಿಗೆ ಒಂದು ನೆರಳು ಅಡ್ಡ ಬಂತು.

ರಾಹುಲ್. ಅಪ್ಪ ಫೋನು ಮಾಡಿ ಕರೆದಿದ್ದ ಜವರಪ್ಪನವರು ಬಂದಿರಲಿಲ್ಲ, ಅವನೊಬ್ಬನೇ.

ಅಪ್ಪ ಬುಟ್ಟಿಯನ್ನು ತಂದು ಮೆಟ್ಟಿಲ ಮೇಲಿಟ್ಟರು. ಅವನ ಕೈಗೆ ಕೊಡಲಿಲ್ಲ. "ಚೆನ್ನಾಗಿ ನೋಡ್ಕೊಳಪ್ಪ" ಎಂದು, ಜಗಲಿಯ ಕಂಬಕ್ಕೆ ಒರಗಿ ಕೂತರು. ನಿಜಕ್ಕೂ ಅವರ ಕಣ್ಣು ತುಂಬಿತ್ತು.

ರಾಹುಲ್ ಬುಟ್ಟಿಯನ್ನು ಎತ್ತಿಕೊಳ್ಳಲಿಲ್ಲ. ಅವನ ನೋಟ ಅಪ್ಪನನ್ನು ದಾಟಿ, ಹೊಸಿಲನ್ನು ದಾಟಿ, ನನ್ನ ಮೇಲೆ ನಿಂತಿತು. ಜಾವಗಲ್ ಬಸ್ಸಿನಿಂದ ಇಲ್ಲಿಯವರೆಗೆ ಅವನು ನನ್ನನ್ನು ನೋಡಿದ ಎಲ್ಲ ನೋಟಗಳಲ್ಲೂ ಒಂದು ತುಂಟ ನಗು ಇರುತ್ತಿತ್ತು. ಇದರಲ್ಲಿ ಇರಲಿಲ್ಲ.

"ಸ್ಪಂದನಾ, ಒಳಗೆ ಬರ್ಲಾ?"

ಅಪ್ಪ ತಿರುಗಿ ನನ್ನ ಕಡೆ ನೋಡಿದರು. ಬೇಡ ಅನ್ನಲಿಲ್ಲ, ಕಣ್ಣು ಕೆಂಪಗೆ ಮಾಡಲಿಲ್ಲ. ಉತ್ತರ ನನಗೇ ಬಿಟ್ಟುಬಿಟ್ಟರು. ಒಂದು ಗದರಿಕೆ ಬಂದಿದ್ದರೂ ಅದರ ಹಿಂದೆ ಅಡಗಿಕೊಳ್ಳುತ್ತಿದ್ದೆ.

'ಬಾ' ಎನ್ನಲು ತುಟಿ ಕೂಡಿದವು. ಅಲ್ಲೇ ನಿಂತವು.

"ನೆಲ... ನೆಲ ಒರೆಸಿದೀನಿ. ಒದ್ದೆ ಇದೆ" ಎಂದೆ.

"ಪರವಾಗಿಲ್ಲ. ಒಣಗೋವರೆಗೂ ಕಾಯ್ತೀನಿ."

ನಿಂತ. ಏಪ್ರಿಲ್ ಬಿಸಿಲು. ಬುಟ್ಟಿಯೊಳಗೆ ಪುಳಿ ಕೆರೆಯುತ್ತಿತ್ತು. ನನ್ನ ಕಣ್ಣೆದುರೇ ನೆಲ ಒಣಗತೊಡಗಿತು. ಮೊದಲು ಹೊಸಿಲ ಹತ್ತಿರ ಒಂದು ಅಂಗೈ ಅಗಲ. ಆಮೇಲೆ ಕಿಟಕಿಯ ಕೆಳಗೆ ಒಂದು ಪಟ್ಟಿ. ಎರಡೂ ನಿಧಾನವಾಗಿ ಒಂದನ್ನೊಂದು ಹುಡುಕಿಕೊಂಡು ಬಂದು ಕೂಡಿದವು. ಒಬ್ಬ ಮನುಷ್ಯ ಕಾಲಿಟ್ಟು ಬರುವಷ್ಟು ದಾರಿ ಆಯಿತು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅಪ್ಪನ ಕೈ ಜನಿವಾರದ ಮೇಲಿತ್ತು.

ಇನ್ನು ಬಕೆಟ್ಟಿನ ಸುತ್ತ ಮಾತ್ರ ಒದ್ದೆ ಉಳಿದಿತ್ತು. ರಾಹುಲ್ ಚಪ್ಪಲಿ ಬಿಟ್ಟ.

ನನ್ನ ಕೈ ಬಕೆಟ್ಟಿಗೆ ಹೋಯಿತು. ಬಟ್ಟೆ ಅದ್ದಿದೆ, ಹಿಂಡಲೂ ಇಲ್ಲ. ಹೊಸಿಲಿನಿಂದ ಶುರುಮಾಡಿ, ಅವನ ಕಾಲಿನಿಂದ ಒಂದು ಗೇಣು ಈಚೆಯಿಂದ, ಮತ್ತೆ ಒರೆಸಿದೆ.

ತಲೆ ಎತ್ತಲಿಲ್ಲ. ಅವನ ಪಾದಗಳಷ್ಟೇ ಕಾಣುತ್ತಿದ್ದವು. ಸ್ವಲ್ಪ ಹೊತ್ತು ಹಾಗೇ ಇದ್ದವು. ಆಮೇಲೆ ಒಂದೊಂದಾಗಿ ಚಪ್ಪಲಿಗೆ ಹೋದವು. ಬುಟ್ಟಿ ಎತ್ತಿದ ಸದ್ದು, ಪುಳಿ ಕೂಗಿದ ಸದ್ದು.

"ಹುಷಾರು ಕಣೇ, ನೀರು ಜಾಸ್ತಿ ಆಯ್ತು. ಜಾರ್ತೀಯ" ಎಂದ.

ಮೊದಲ ಸಲ ಅಪ್ಪನ ಎದುರು ನನ್ನನ್ನು 'ಕಣೇ' ಎಂದಿದ್ದ. ಅಪ್ಪ ತಟ್ಟನೆ ಮುಖ ಎತ್ತಿದರು. ಎಲ್ಲ ಗೊತ್ತಾಗಿಹೋಯಿತು ಅವರಿಗೆ. ಆದರೆ ಬಯ್ಯಲು ಈಗ ಅವರಿಗೆ ಏನೂ ಉಳಿದಿರಲಿಲ್ಲ. ಎದ್ದು ಬಂದು, ನನ್ನ ತಲೆಯ ಮೇಲೆ ಕೈಯಿಟ್ಟು, ಎಷ್ಟೋ ವರ್ಷಗಳ ಮೇಲೆ ಅಷ್ಟು ಪ್ರೀತಿಯಿಂದ, "ಸಾಕು ಬಿಡಮ್ಮ, ಚೆನ್ನಾಗಿ ಒರೆಸಿದ್ದೀಯ" ಎಂದರು.