ಡೋರತಿ ಆಂಟಿಯ ಪುಡಿಂಗ್

"ಯಾರಪ್ಪಾ ಇವ್ನು! ಹೇಳ್ದೆ ಕೇಳ್ದೆ ಒಳಗೆ ನುಗ್ತಾನಲ್ಲ..."

ಗೌತಮಿಯ ಕೈಯಲ್ಲಿದ್ದ ಸೌಟು ನೆಲಕ್ಕೆ ಬಿತ್ತು. ಅಡುಗೆಮನೆಯ ಬಾಗಿಲಲ್ಲಿ, ಗಣಿಯ ಕೆಂಪು ಧೂಳು ಮೆತ್ತಿದ ಬೂಟು ತೊಟ್ಟ ಯುವಕನೊಬ್ಬ ಏದುಸಿರು ಬಿಡುತ್ತ ನಿಂತಿದ್ದ.

ಅವನ ಕಣ್ಣು ಅರಳಿತು. "ಕನ್ನಡಾನಾ ನೀವು?!"

ಮರುಕ್ಷಣವೇ ಅವನ ದನಿ ಗಡುಸಾಯಿತು. "ಕಿಟಕಿಯಿಂದ ಹೊಗೆ ಬರ್ತಿದೆ ಅಂತ ಓಡಿ ಬಂದೆ ಕಣ್ರೀ! ವಯಸ್ಸಾದವರ ಮನೇಲಿ ಇಷ್ಟು ಉರಿ ಹಚ್ಕೊಂಡು ಏನ್ ಮಾಡ್ತಿದೀರಾ?"

"ಹೊಗೆ ಅಲ್ಲ, ಹಬೆ! ಕ್ರಿಸ್‌ಮಸ್ ಪುಡಿಂಗ್ ಬೇಯ್ತಿದೆ. ಅಷ್ಟಕ್ಕೂ ಕೇಳೋಕೆ ನೀವ್ಯಾರು?"

ಮೇಜಿನ ಬಳಿ ಕುಳಿತಿದ್ದ ಮನೆಯೊಡತಿ ಡೋರತಿ ಆಂಟಿ ಮಗುವಿನಂತೆ ನಕ್ಕು ಇಂಗ್ಲಿಷಿನಲ್ಲಿ ಹೇಳಿದರು. "ಇವನು ಕುಶಾಲ್. ಹಿತ್ತಿಲ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದಾನೆ. ಕೂರಿಸು, ಟೀ ಕೊಡು."

ಆಸ್ಟ್ರೇಲಿಯಾದ ಪರ್ತ್ ನಗರದ ಥಾರ್ನ್ಲಿಯಲ್ಲಿ ಅದು ಡಿಸೆಂಬರಿನ ಆರಂಭದ ಉರಿಬಿಸಿಲಿನ ಮಧ್ಯಾಹ್ನ. ಗೌತಮಿ ಪಕ್ಕದ ಮನೆಯವಳು. ಬೆಂಗಳೂರಿನಿಂದ ಸಾಫ್ಟ್‌ವೇರ್ ಕೆಲಸಕ್ಕೆ ಬಂದವಳು. ಕುಶಾಲ್ ಮೈಸೂರಿನವನು, ಭೂವಿಜ್ಞಾನಿ. ಕೆಲವು ವಾರ ಗಣಿಯಲ್ಲಿ, ಕೆಲವು ದಿನ ಊರಲ್ಲಿ.

ಡೋರತಿ ಆಂಟಿಗೆ ಮರೆವು ಶುರುವಾಗಿತ್ತು. ಮಗನ ಫೋನು ಬಂದದ್ದೂ ನೆನಪಿರುತ್ತಿರಲಿಲ್ಲ. ಆದರೆ ಹಿಟ್ಟು ಕೈಗೆ ಸಿಕ್ಕರೆ ಸಾಕು, ಐವತ್ತರ ದಶಕದ ಅವರ ತಾಯಿಯ ಅಡುಗೆಮನೆ ಎದ್ದು ಬರುತ್ತಿತ್ತು! ಒಣಹಣ್ಣುಗಳನ್ನು ಬೆಣ್ಣೆ, ಸಕ್ಕರೆಯ ಜೊತೆ ಕುದಿಸಿ, ಆರಿಸಿ, ಆಮೇಲೆ ಹಿಟ್ಟು ಬೆರೆಸುವ ಕೇಕು. ದಪ್ಪ ಬಟ್ಟೆಗೆ ಹಿಟ್ಟು ಉದುರಿಸಿ, ಪುಡಿಂಗನ್ನು ಅದರಲ್ಲಿ ಉಂಡೆ ಕಟ್ಟಿ ಕುದಿಯುವ ನೀರಿನಲ್ಲಿ ಗಂಟೆಗಟ್ಟಲೆ ಬೇಯಿಸುವ ಬಗೆ...

ಗೌತಮಿಗೆ ಇದು ಬರೀ ಬೇಕಿಂಗ್ ಆಗಿರಲಿಲ್ಲ. ಅಮ್ಮ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದಾಗ ಅವಳು ವಿಮಾನದಲ್ಲಿದ್ದಳು. 'ಅಮ್ಮನಿಗೆ ಮಾಡಲಾಗದ್ದನ್ನು ಇವರಿಗಾದರೂ ಮಾಡುತ್ತೇನೆ' ಎಂದು ಯಾರಿಗೂ ಹೇಳದೆ ಅಂದುಕೊಂಡಿದ್ದಳು.

ಆಮೇಲೊಂದು ದಿನ ಕುಶಾಲ್‌ಗೆ ಮಾತ್ರ ಹೇಳಿದ್ದಳು.

ಅವನೂ ಮೆಲ್ಲಗೆ ಆ ಮೇಜಿನ ಸುತ್ತ ಸೇರಿಕೊಂಡಿದ್ದ. ತೆಂಗಿನ ಕೊಬ್ಬು ಕರಗಿಸಿ, ಹಾಲಿನ ಪುಡಿ, ಮಂಡಕ್ಕಿ, ಕೆಂಪು ಚೆರ್ರಿ ಬೆರೆಸಿ ಮಾಡುವ 'ವೈಟ್ ಕ್ರಿಸ್‌ಮಸ್' ಸಿಹಿಯನ್ನು ಕತ್ತರಿಸುತ್ತ ಅವನೆಂದಿದ್ದ, "ಇದು ನಮ್ಮ ಕೊಬ್ಬರಿ ಮಿಠಾಯಿ ತಂಗಿ ಇದ್ದಂಗಿದೆ ಕಣ್ರೀ!"

ಒಣದ್ರಾಕ್ಷಿ ತರಲು ಇಬ್ಬರೂ ದ್ರಾಕ್ಷಿತೋಟಗಳ ಸ್ವಾನ್ ವ್ಯಾಲಿಗೆ ಹೋದ ದಿನ, ಕಾರು ನಿಲ್ಲಿಸಿ ಅವನು, "ಗೌತಮಿ, ನಿಮಗೊಂದು ಮಾತು..." ಎಂದು ತಡವರಿಸಿದ್ದ. ಅವಳು ಸೀಟುಬೆಲ್ಟ್ ಬಿಚ್ಚಿ ಅವನತ್ತ ತಿರುಗಿದ್ದಳು. "ಇರ್ಲಿ, ಕ್ರಿಸ್‌ಮಸ್ ದಿನ ಹೇಳ್ತೀನಿ," ಎಂದುಬಿಟ್ಟಿದ್ದ.

ಆ ಕ್ರಿಸ್‌ಮಸ್ ಬರಲೇ ಇಲ್ಲ.

ಹಬ್ಬಕ್ಕೆ ಕೆಲವೇ ದಿನಗಳಿದ್ದಾಗ ಗೌತಮಿ ಆಫೀಸಿನಿಂದ ಬಂದರೆ ಆಂಟಿಯ ಅಡುಗೆಮನೆಯ ಗೋಡೆ ಕಪ್ಪಾಗಿತ್ತು. ಪರದೆ ಸುಟ್ಟು ನೇತಾಡುತ್ತಿತ್ತು. ಕುಶಾಲ್ ಮೆಟ್ಟಿಲ ಮೇಲೆ ಕುಳಿತಿದ್ದ, ಬಲಗೈಗೆ ಬ್ಯಾಂಡೇಜು.

"ಆಂಟಿ ಎಲ್ಲಿ?!"

"ನನ್ನ ಮನೇಲಿ ಮಲಗಿದ್ದಾರೆ, ಹುಷಾರಾಗಿದ್ದಾರೆ. ಮಗ ಪೀಟರ್ ಬರ್ತಿದ್ದಾನೆ. ಅಡಿಲೇಡ್‌ಗೆ ಕರ್ಕೊಂಡು ಹೋಗ್ತಾನಂತೆ."

"ಏನಾಯ್ತು?"

ಅವನು ಅವಳ ಮುಖ ನೋಡಲಿಲ್ಲ. "ಆಂಟಿ... ಮರೆತು ಸ್ಟವ್ ಹಚ್ಚಿಟ್ಟಿದ್ರು."

"ಪೀಟರ್‌ಗೆ ಹೇಳಿದ್ದು ಯಾರು?"

"ನಾನೇ."

ಗೌತಮಿ ಸಿಡಿದಳು. "ಮೊದಲ ದಿನದಿಂದ್ಲೂ ಅವರ ಒಲೆ ಆರಿಸ್ಬೇಕು ಅಂತಾನೇ ಇತ್ತಲ್ವಾ ನಿಮಗೆ? ಆ ಮನೆ ಬಿಟ್ಟು ಅವರು ಹೇಗಿರ್ತಾರೆ? ನಂಗೆ ಒಂದು ಫೋನ್ ಮಾಡಿದ್ರೆ ನಾನು ನೋಡ್ಕೊಳ್ತಿರ್ಲಿಲ್ವಾ?"

"ಗೌತಮಿ, ಕೇಳಿ..."

"ಬೇಡ! ಇನ್ನು ನನ್ನ ಜೊತೆ ಮಾತಾಡ್ಬೇಡಿ."

ಅವನು ಎದ್ದು ಹಿತ್ತಿಲ ಮನೆಯತ್ತ ನಡೆದ. ಬೇಸಿಗೆ ಮುಗಿಯುವಷ್ಟರಲ್ಲಿ ವರ್ಗ ಮಾಡಿಸಿಕೊಂಡು ಬ್ರಿಸ್ಬೇನ್‌ಗೆ ಹೊರಟುಹೋದ. ಹೋಗುವ ಮುನ್ನ ಅವಳ ಬಾಗಿಲು ತಟ್ಟಿದ್ದ. ಅವಳು ಒಳಗಿದ್ದೂ ತೆರೆಯಲಿಲ್ಲ... ಆಮೇಲೆ ಅದೇ ಬಾಗಿಲಿಗೆ ಒರಗಿ ಅತ್ತಳು.

ಮತ್ತೆ ಡಿಸೆಂಬರ್ ಬಂತು. ಗೌತಮಿ ಒಬ್ಬಳೇ ವೈಟ್ ಕ್ರಿಸ್‌ಮಸ್ ಮಾಡಿ, ಡಬ್ಬಿಗೆ ತುಂಬಿಕೊಂಡು ಅಡಿಲೇಡ್‌ಗೆ ಹೋದಳು. ಅಲ್ಲಿ ಕಿಲ್ಬರ್ನ್ ಬಡಾವಣೆಯ ಹಳೆಯ ಬೀದಿಯೊಂದರಲ್ಲಿ ಪೀಟರ್‌ನ ಮನೆ. ವರಾಂಡದಲ್ಲಿ ಡೋರತಿ ಆಂಟಿ ತೆಳ್ಳಗಾಗಿ ಕುಳಿತಿದ್ದರು.

ಅವರಿಗೆ ಗೌತಮಿಯ ಗುರುತು ಸಿಗಲಿಲ್ಲ.

ಆದರೆ ಒಂದು ತುಂಡು ಬಾಯಿಗಿಟ್ಟವರೇ ಅವಳ ಕೈ ಹಿಡಿದರು. "ನಮ್ಮ ಪಕ್ಕದ ಮನೆ ಹುಡುಗಿಯೂ ಹೀಗೇ ಮಾಡುತ್ತಿದ್ದಳು. ಬಲು ಒಳ್ಳೆಯವಳು. ಪಾಪ, ಅವತ್ತು ಬೆಳಿಗ್ಗೆ ನಮ್ಮ ಮನೆಯಲ್ಲಿ ಪುಡಿಂಗ್ ಒಲೆಗಿಟ್ಟಳು, ಆಫೀಸಿನ ಫೋನು ಬಂತು, ಆರಿಸದೆ ಓಡಿಬಿಟ್ಟಳು."

ಗೌತಮಿ ಡಬ್ಬಿ ಕೆಳಗಿಟ್ಟು ಆಂಟಿಯ ಮುಖವನ್ನೇ ನೋಡಿದಳು.

"ನೀರೆಲ್ಲ ಇಂಗಿ ಬಟ್ಟೆಗೆ ಬೆಂಕಿ! ಆ ಹುಡುಗ ನನ್ನನ್ನು ಎತ್ತಿಕೊಂಡು ಬಂದ. ಅವನ ಕೈ ಸುಟ್ಟಿತು." ಆಂಟಿ ಅವಳ ಕಿವಿಗೆ ಬಾಗಿ ಪಿಸುಗುಟ್ಟಿದರು. "ಅವಳಿಗೆ ಹೇಳಬೇಡ, ಆಯಿತಾ? ತಾಯಿಯ ಕೊರಗೇ ಅವಳಿಗೆ ಸಾಕಾಗಿದೆ ಅಂತ ಅವನು ನನ್ನಿಂದ ಮಾತು ತೆಗೆದುಕೊಂಡಿದ್ದಾನೆ."

ಆ ಬೆಳಿಗ್ಗೆ ಕಣ್ಣೆದುರು ಬಂತು. ಪಾತ್ರೆ... ಫೋನು... ಕೈಚೀಲ ಎಳೆದುಕೊಂಡು ಓಡಿದ್ದು. ಒಲೆ ಆರಿಸಿದ ನೆನಪು ಎಷ್ಟು ಹುಡುಕಿದರೂ ಇರಲಿಲ್ಲ!

'ನಾನು... ನಾನೇ ಇವರ ಮನೆ ಬಿಡಿಸಿದೆ!'

ಅವಳು ಆಂಟಿಯ ಮಡಿಲಲ್ಲಿ ಮುಖವಿಟ್ಟು ಬಿಕ್ಕಿದಳು. ಯಾರೆಂದು ತಿಳಿಯದೆಯೇ ಆಂಟಿ ಅವಳ ತಲೆ ನೇವರಿಸುತ್ತಿದ್ದರು.

ಮರುದಿನ ಬ್ರಿಸ್ಬೇನ್‌ನಲ್ಲಿ ಕುಶಾಲ್ ಬಾಗಿಲು ತೆರೆದಾಗ ಎದುರಿಗೆ ಗೌತಮಿ, ಕೈಯಲ್ಲಿ ಪೀಟರ್ ಬರೆದುಕೊಟ್ಟ ವಿಳಾಸ!

ಅವಳು ಅವನ ಬಲಗೈ ಹಿಡಿದು ತಿರುಗಿಸಿದಳು. ಅಂಗೈಯಿಂದ ಮಣಿಕಟ್ಟಿನವರೆಗೆ ಚರ್ಮ ಸುಕ್ಕುಗಟ್ಟಿತ್ತು.

"ಯಾಕೆ ಹೇಳ್ಲಿಲ್ಲ?"

"ಯಾರು ಹೇಳಿದ್ರು ನಿಮಗೆ?"

"ಆಂಟಿ. ನಾನು ಯಾರು ಅಂತ ಗೊತ್ತಾಗ್ದೆ ನಂಗೇ ಹೇಳಿದ್ರು." ಅವಳು ಅವನ ಕೈ ಬಿಡಲಿಲ್ಲ. "ತಪ್ಪು ನಂದು ಕುಶಾಲ್. ಅದನ್ನ ಆ ಮುದುಕಿ ಮೇಲೆ ಹಾಕೋಕೆ ನಿಮಗೆ ಹೇಗೆ ಮನಸ್ಸು ಬಂತು? ನನ್ನ ತಪ್ಪಿಗೆ ನಾನು ಅಳೋಕೂ ಬಿಡ್ಲಿಲ್ಲ ನೀವು!"

ಅವನು ತಲೆ ತಗ್ಗಿಸಿದ. "ತಪ್ಪೇ ಮಾಡ್ದೆ. ಅವತ್ತು ನಿಮ್ಮ ಮುಖ ನೋಡೋಕೇ ಭಯ ಆಯ್ತು. ಅಮ್ಮನ ವಿಷಯ ಹೇಳ್ವಾಗ ಒಂದ್ಸಲ ನೋಡಿದ್ದೆ ಆ ಮುಖ. ಇನ್ನೊಂದ್ಸಲ ನೋಡೋ ಶಕ್ತಿ ನಂಗಿರ್ಲಿಲ್ಲ... ನೀವು ನನ್ನ ದ್ವೇಷ ಮಾಡಿದ್ರೂ ಪರ್ವಾಗಿಲ್ಲ ಅನ್ನಿಸ್ತು."

"ನಿಮಗೆ ಪರ್ವಾಗಿಲ್ಲ, ನಂಗೆ?" ಅವಳು ಅಳುತ್ತಲೇ ಕೂಗಿದಳು. "ಒಂದು ವರ್ಷ ನಿಮ್ಮನ್ನ ಬೈಕೊಂಡೇ ಕಾಯ್ತಾ ಇದ್ದೆ. ಯಾಕೆ ಕಾಯ್ತಿದೀನಿ ಅಂತ ನಂಗೇ ನಾಚಿಕೆ ಆಗ್ತಿತ್ತು."

ಅವನ ಕಣ್ಣು ತುಂಬಿತು. "ನಾನೂ ಅಷ್ಟೇ ಗೌತಮಿ. ನೀವು ಮಾತಾಡ್ಬೇಡಿ ಅಂದ್ಮೇಲೆ ಮನಸ್ಸಲ್ಲೇ ಮಾತಾಡ್ತಿದ್ದೆ. ನನ್ನ ಪ್ರೀತಿ ಒಂದಿನಾನೂ ಕಮ್ಮಿ ಆಗಿಲ್ಲ."

ಅವಳು ಆ ಸುಟ್ಟ ಅಂಗೈಯನ್ನು ಕೆನ್ನೆಗೊತ್ತಿಕೊಂಡಳು.

"ಹಬ್ಬಕ್ಕೆ ಆಂಟಿ ಹತ್ರ ಹೋಗೋಣ. ಪೀಟರ್‌ಗೂ ನಿಜ ಹೇಳ್ಬೇಕು. ಆಂಟಿ ಹತ್ರ ನಾನು ಕ್ಷಮೆ ಕೇಳ್ಬೇಕು."

"ಅವರಿಗೆ ನೆನಪಿರಲ್ಲ ಕಣೇ..."

"ಪರ್ವಾಗಿಲ್ಲ. ಹೋದಾಗೆಲ್ಲ ಕೇಳ್ತೀನಿ." ಅವಳು ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು. "ಈಗ ಏನಂದೆ ನೀನು? 'ಕಣೇ' ಅಂದ್ಯಾ?"

ಅವನು ಗಾಬರಿಯಾದ. "ಬಾಯಿ ತಪ್ಪಿ ಬಂದ್ಬಿಡ್ತು..."

"ಇನ್ನೊಂದ್ಸಲ ಅನ್ನು."