ಒಂದೇ ಟ್ಯಾಂಕು, ಎರಡು ಎತ್ತರ

"ರೀ, ಬಿಡ್ರೀ ಅದನ್ನ! ಮೊದಲು ನೋಡಿದ್ದು ನಾನು!"

ಪಂಪಿನ ಡಬ್ಬದ ಈ ತುದಿ ಅವಳ ಕೈಯಲ್ಲಿತ್ತು. ಆ ತುದಿ ಇನ್ಯಾರದೋ ಕೈಯಲ್ಲಿ. ಗ್ರೀಸಿನ ಕಲೆ ಮೆತ್ತಿದ ಬೆರಳುಗಳು... ಉಗುರಿನ ಸಂದಿಯಲ್ಲಿ ಎಷ್ಟು ಸೋಪು ಹಾಕಿ ಉಜ್ಜಿದರೂ ಹೋಗದ ಕಪ್ಪು...

ಆ ಕಪ್ಪು ಅವಳಿಗೆ ಗೊತ್ತಿತ್ತು!

ನಿಧಾನವಾಗಿ ತಲೆಯೆತ್ತಿದಳು. ಮೀನಿನ ಟ್ಯಾಂಕು ಮಾರುವ ಅಂಗಡಿಯ ನೀಲಿ ಬೆಳಕಿನಲ್ಲಿ ಎದುರಿಗೆ ನಿಂತಿದ್ದವನು ಅವಳ ಗಂಡ. ಮೂರು ವಾರದ ಹಿಂದೆ ಎರಡು ಚೀಲ ಹೊತ್ತು ಬಾಡಿಗೆ ರೂಮಿಗೆ ಹೋದ ಗಂಡ. ಈ ಭಾನುವಾರ ಬಂದು ಉಳಿದ ಸಾಮಾನನ್ನೂ ಒಯ್ಯುತ್ತೇನೆಂದು ಮೆಸೇಜು ಹಾಕಿದ್ದ ಗಂಡ.

"ನೀನಾ?"

"ನೀವಾ?"

ಐದು ವರ್ಷ ಸಂಸಾರ ಮಾಡಿದವರ ಮಾತು ಅಷ್ಟಕ್ಕೇ ಖಾಲಿಯಾಯಿತು.

ಇವನಿಗೆ ಪಂಪು ಯಾಕೆ? ಹೊಸ ರೂಮಿಗೆ ಹೊಸ ಟ್ಯಾಂಕು ತಂದಿದ್ದಾನಾ? ಅಷ್ಟು ಬೇಗ ಹೊಸ ಸಂಸಾರ ಹೂಡಿಬಿಟ್ಟನಾ, ಮೀನುಗಳ ಜೊತೆ?

ಕೌಂಟರಿನ ಹಿಂದಿದ್ದ ಅಂಗಡಿಯವನನ್ನು ಊರೆಲ್ಲ ಗುಳ್ಳೆಯಣ್ಣ ಎನ್ನುತ್ತಿತ್ತು. ಟ್ಯಾಂಕುಗಳ ಹಾಗೆ ಅವನ ಬಾಯಿಗೂ ಬಿಡುವಿರಲಿಲ್ಲ. ಯಾವ ಪಂಪು ಹೇಗೆ ಸದ್ದು ಮಾಡುತ್ತದೆಂದು ಬಾಯಲ್ಲೇ ಮಾಡಿ ತೋರಿಸಿ ಮಾರುವವನು ಅವನು.

"ಎಳೆದಾಡಬೇಡಿ, ಡಬ್ಬ ಹರಿದೀತು. ಇರೋದು ಒಂದೇ ಪೀಸು. ಯಾರ ಟ್ಯಾಂಕಿಗೆ ಹೊಂದುತ್ತೋ ಅವರಿಗೆ. ಅಮ್ಮಾ, ನಿಮ್ಮ ಹಳೇ ಪಂಪು ಹೇಗಿದೆ?"

"ಸಾಯೋ ಹಾಗಿದೆ."

"ಗುರ್ರ್ರ್... ಟಕ್! ಗುರ್ರ್ರ್... ಟಕಟಕ್! ಹೀಗಾ?"

ಥೇಟ್ ಅದೇ ಸದ್ದು! ಬೇರೆ ದಿನವಾಗಿದ್ದರೆ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಈಗ ನಗುವುದಕ್ಕೂ ಶಕ್ತಿ ಬೇಕಿತ್ತು. ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ರಾತ್ರಿಯಿಡೀ ಫೋನೆತ್ತಿ, ಅಳುವವರ ಬಾಯಿಂದ ವಿಳಾಸ ಹೊರಡಿಸಿ, ಹಗಲು ಕಣ್ಣು ಮುಚ್ಚಲು ಹೆಣಗುವ ಕೆಲಸ ಅವಳದು. ಗಂಡ ಲಿಫ್ಟ್ ಮೆಕ್ಯಾನಿಕ್. ಅವಳು ಮನೆಗೆ ಬರುವಾಗ ಅವನು ಹೊರಡುತ್ತಿದ್ದ. ಇಬ್ಬರ ಸಂಸಾರವೆಲ್ಲ ಹೊಸ್ತಿಲ ಮೇಲೆಯೇ ನಡೆಯುತ್ತಿತ್ತು.

ಅವನು ಮನೆ ಬಿಟ್ಟ ದಿನ ಬೆಳಿಗ್ಗೆ, ಗಾಡಿ ತಲುಪುವ ಮೊದಲೇ ಫೋನಿನ ಆ ಕಡೆಯ ಉಸಿರು ನಿಂತುಹೋದ ಒಂದು ಕರೆ ಮುಗಿಸಿ ಬಂದಿದ್ದಳು. ನಡುಮನೆಯಲ್ಲಿ ಪಂಪು ಗುರುಗುಡುತ್ತಿತ್ತು. "ತಿಂಡಿ ಏನು ಮಾಡ್ಲಿ?" ಎಂದು ಅವನು ಕೇಳಿದ್ದಷ್ಟೇ.

"ಈ ಪಂಪೂ ಬೇಡ, ನೀವೂ ಬೇಡ! ನನ್ನ ಪಾಡಿಗೆ ನನ್ನ ಬಿಟ್ಬಿಡಿ!"

ಸಂಜೆ ಎದ್ದಾಗ ಅವನು ಚೀಲ ತುಂಬುತ್ತಿದ್ದ. "ನಿನಗೆ ನಿದ್ದೆಯಾದ್ರೂ ಬರ್ಲಿ" ಎಂದು ಹೊರಟ. ಹೋಗಬೇಡಿ ಅನ್ನಲು ಅವಳಲ್ಲಿ ತ್ರಾಣವಿರಲಿಲ್ಲ. ತ್ರಾಣ ಬಂದಾಗ ಅವನಿರಲಿಲ್ಲ.

"ಅಮ್ಮಾ... ನಿಂತಲ್ಲೇ ನಿದ್ದೆನಾ?" ಗುಳ್ಳೆಯಣ್ಣ ಕೇಳಿದ. "ಎಂಥಾ ಪಂಪು ಬೇಕು ಹೇಳಿ."

"ಕರೆಂಟ್ ಕಮ್ಮಿ ತಿನ್ನಬೇಕು. ಕರೆಂಟ್ ಹೋದ್ರೆ ಸಣ್ಣ ಬ್ಯಾಟರಿ ಮೇಲೂ ಗಂಟೆಗಟ್ಟಲೆ ಓಡಬೇಕು."

"ಸರಿಯಾದ್ದನ್ನೇ ಹಿಡಿದಿದೀರಿ! ಹಳೇದು ಮೂವತ್ತೈದು ವ್ಯಾಟ್ ನುಂಗ್ತಿದ್ರೆ ಇದಕ್ಕೆ ಹತ್ತು ಸಾಕು. ಹಗಲೂ ರಾತ್ರಿ ಓಡೋ ಸಾಮಾನು ನೋಡಿ, ಮಿತಾಹಾರಿ ಆಗಿರಬೇಕು. ಸರ್, ನಿಮಗೆ?"

ಅವನು ಅವಳ ಕಡೆ ನೋಡದೆ ಹೇಳಿದ. "ಸದ್ದು ಬರಬಾರದು. ಹಗಲು ಹೊತ್ತು ಮಲಗೋರಿದಾರೆ ಮನೇಲಿ."

ಅವಳ ಬೆರಳು ಡಬ್ಬದ ಮೇಲೆ ಸಡಿಲವಾಯಿತು. ಮನೇಲಿ? ಯಾವ ಮನೇಲಿ?!

"ಇದರ ಸದ್ದು ಕೇಳಿ" ಎಂದು ಗುಳ್ಳೆಯಣ್ಣ ಬಾಯಿ ತೆರೆದು, ಏನೂ ಸದ್ದು ಮಾಡದೆ, ಮುಚ್ಚಿದ. "ಕೇಳ್ತಾ? ಅಷ್ಟೇ! ಟ್ಯಾಂಕು ಎಷ್ಟು ಲೀಟರ್?"

"ನೂರು" ಅಂದರು ಇಬ್ಬರೂ ಒಟ್ಟಿಗೆ.

"ಮೀನು?"

"ಐದು" ಅಂದರು ಇಬ್ಬರೂ.

"ಅವಳಿ ಜವಳಿ ಟ್ಯಾಂಕುಗಳಾ?"

"ಅಲ್ಲ... ಒಂದೇ ಟ್ಯಾಂಕು" ಎಂದಳು ಅವಳು ಸಣ್ಣ ದನಿಯಲ್ಲಿ.

ಗುಳ್ಳೆಯಣ್ಣ ಇಬ್ಬರ ಮುಖವನ್ನೂ ನೋಡಿದ. ಆಮೇಲೆ ಕೆಮ್ಮಿ, ತುಂಬ ಮೆತ್ತಗೆ ಕೇಳಿದ. "ಆಯ್ತು. ಕೊನೇ ಪ್ರಶ್ನೆ. ನೆಲದ ಮೇಲಿನ ಫಿಲ್ಟರಿನಿಂದ ಟ್ಯಾಂಕಿನ ಅಂಚಿಗೆ ನೀರು ಎಷ್ಟು ಎತ್ತರ ಏರಬೇಕು? ಡಬ್ಬದ ಮೇಲಿನ ಲೀಟರ್ ಲೆಕ್ಕ ನಂಬಬೇಡಿ, ಅದು ನೆಲಮಟ್ಟದ್ದು. ಏರ್ತಾ ಏರ್ತಾ ಪಂಪಿಗೂ ನಮ್ಮ ಹಾಗೇ ಏದುಸಿರು."

"ಮೂರಡಿ" ಎಂದ ಅವನು.

"ಐದಡಿ" ಎಂದಳು ಅವಳು.

"ಒಂದೇ ಟ್ಯಾಂಕಿಗೆ ಎರಡು ಎತ್ತರ ಹೆಂಗಮ್ಮಾ?"

ಅವನು ಅವಳತ್ತ ತಿರುಗಿದ. "ನಮ್ಮ ಸ್ಟ್ಯಾಂಡಿನ ಮೇಲೆ ಇಟ್ರೆ ಮೂರಡಿ ತಾನೇ? ಐದು ಎಲ್ಲಿಂದ ಬಂತು?"

ಅವಳು ಡಬ್ಬದ ಅಂಚನ್ನು ಉಗುರಿನಿಂದ ಕೆರೆದಳು.

"ಹೇಳೇ... ಎಲ್ಲಿ ಅಳೆದೆ?"

"ನಿಮ್ಮ ರೂಮಲ್ಲಿ." ಕಣ್ಣು ತುಂಬಿ ಬಂತು. "ಮೀನು ಅಂದ್ರೆ ನಿಮಗೆ ಪ್ರಾಣ. ಭಾನುವಾರ ಟ್ಯಾಂಕು ನಿಮ್ಮ ಜೊತೆನೇ ಕಳಿಸೋಣ ಅಂತ... ನೀವು ಡ್ಯೂಟಿಗೆ ಹೋದಾಗ ಓನರ್ ಅಮ್ಮನ್ನ ಕೇಳಿ ಒಳಗೆ ಹೋಗಿದ್ದೆ. ಟ್ಯಾಂಕು ಇಡೋಕೆ ಕಿಟಕಿ ಪಕ್ಕದ ಕಲ್ಲಿನ ಹಲಗೆ ಬಿಟ್ರೆ ಜಾಗಾನೇ ಇಲ್ಲ. ಕರೆಂಟ್ ಹೋದಾಗಲೆಲ್ಲ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡೋರನ್ನ ಬಿಡಿಸೋಕೆ ನೀವು ಓಡ್ತೀರಿ. ಆಗ ಮೀನು ನೋಡೋರು ಯಾರು? ಅದಕ್ಕೇ ಬ್ಯಾಟರಿ ಮೇಲೆ ಓಡೋದು..."

ಅವನು ಡಬ್ಬವನ್ನು ಬಿಟ್ಟ. "ನಾನು ಟ್ಯಾಂಕು ಒಯ್ಯೋಕೆ ಬರ್ತಿರಲಿಲ್ಲ ಮಾರಾಯ್ತಿ! ಅದು ನಿನ್ನ ಹತ್ರಾನೇ ಇರ್ಲಿ, ಸದ್ದು ಮಾತ್ರ ಬೇಡ ಅಂತ... ಹೊಸ ಪಂಪು ಕೂರಿಸಿ ಹೋಗೋಣ ಅಂತಿದ್ದೆ."

"ಹೋಗೋಣ ಅಂತ!" ಅವಳ ಸಿಟ್ಟು ಈಗ ಉಕ್ಕಿತು. "ಅಲ್ಲಿ ಹೋಗಿ ಏನು ಕಡಿದು ಕಟ್ಟೆ ಹಾಕಿದೀರಿ? ಮೂರು ವಾರ ಆಯ್ತು, ದೊಡ್ಡ ಚೀಲದ ಜಿಪ್ಪು ಕೂಡ ಎಳೆದಿಲ್ಲ! ಯಾಕೆ ಬಿಚ್ಚಿಲ್ಲ?"

ಅವನು ನೆಲ ನೋಡಿದ.

"ಬಿಚ್ಚಿದ್ರೆ... ಅಲ್ಲೇ ಉಳೀಬೇಕಲ್ಲ."

ಟ್ಯಾಂಕುಗಳೆಲ್ಲ ಬುಳುಬುಳು ಎನ್ನುತ್ತಿದ್ದವು. ಗುಳ್ಳೆಯಣ್ಣ ಪಂಪನ್ನು ಹೊರತೆಗೆದು, ಅದರ ಗುಂಡಿಯ ಮೇಲೆ ಬೆರಳಿಟ್ಟು ಕಾದ. "ಇದನ್ನ ತಿರುಗಿಸಿ ಎತ್ತರಕ್ಕೆ ತಕ್ಕ ಹಾಗೆ ಹೊಂದಿಸಬೇಕು. ಎಷ್ಟಕ್ಕೆ ಇಡ್ಲಿ?"

"ಮೂರಡಿಗೇ ಇಡಿ ಅಣ್ಣಾ" ಎಂದಳು ಅವಳು. "ಟ್ಯಾಂಕು ಎಲ್ಲೂ ಹೋಗಲ್ಲ."

"ನಾನು?" ಎಂದ ಅವನು.

"ನೀವೂ."

ಹೊರಗೆ ಬೀದಿದೀಪಗಳು ಹತ್ತಿಕೊಂಡಿದ್ದವು. ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಡಬ್ಬ ಅವನ ತೊಡೆಯ ಮೇಲಿತ್ತು.

"ನಾನು ಮತ್ತೆ ಕಿರುಚಿದ್ರೆ?" ಅವಳು ಕೇಳಿದಳು.

"ಕಿರುಚು. ಅಡುಗೆಮನೆಗೆ ಹೋಗಿ ಕೂತ್ಕೋತೀನಿ. ಬೇರೆ ಮನೆಗಲ್ಲ."

"ಅವತ್ತು ಒಂದು ಕರೆ ಬಂದಿತ್ತು ರೀ..." ಮೂರು ವಾರದಿಂದ ಯಾರಿಗೂ ಹೇಳದ ಮಾತು. "ಹೇಳ್ತೀನಿ. ಈಗಲ್ಲ. ತುಂಬಾ ಸುಸ್ತಾಗಿದೆ."

"ನಿಧಾನವಾಗಿ ಹೇಳು. ನಾನು ಎಲ್ಲಿಗೂ ಹೋಗಲ್ಲ." ಅವನು ಹೆಗಲನ್ನು ಅವಳ ಕಡೆಗೆ ಸ್ವಲ್ಪ ಬಾಗಿಸಿದ. "ಈಗ ಮಲಗು. ಸ್ಟಾಪು ಬಂದಾಗ ಎಬ್ಬಿಸ್ತೀನಿ."

ಅವಳು ತಲೆಯಿಟ್ಟಳು. ಅವನ ಕಣ್ಣೂ ಎಳೆಯುತ್ತಿದ್ದುದು ಅವಳಿಗೆ ಕಾಣಿಸಿತು.

"ನೀವೂ ನಿದ್ದೆ ಹೋದ್ರೆ?"

"ಕೊನೇ ಸ್ಟಾಪಿನವರೆಗೂ ಹೋಗ್ತೀವಿ."

"ಆಮೇಲೆ?"

"ಒಟ್ಟಿಗೇ ವಾಪಸ್ ಬರ್ತೀವಿ."